ಒಂದೇ ತಾರೀಕಿನ ಮದುವೆ

“ಅಕ್ಕ, ನಮ್ ವೆಬ್‌ಸೈಟು ಒಂದ್ ಹೆಣ್ಣನ್ನ ಹೂವಿಲ್ದೆ ಸ್ಟೇಜ್ ಹತ್ತಿಸ್ತಾ ಐತೆ.”

ಕಳೆದ ಶನಿವಾರ ಮಧ್ಯಾಹ್ನ ನನ್ನ ತಂಗಿ ಸುಧಾ ಫೋನಿನಲ್ಲಿ ಹೇಳಿದ ಮೊದಲ ಮಾತೇ ಇದು. ಊಟ ಆಯ್ತಾ ಇಲ್ಲ, ಏನ್ಮಾಡ್ತಿದ್ದೀಯ ಇಲ್ಲ. ನಾನು ಹಾಸನದ ಮನೆಯಲ್ಲಿ ಊಟ ಮುಗಿಸಿ, ಚಾಪೆಯ ಮೇಲೆ ಮಲಗಿ, ಪೇಪರನ್ನು ಮುಖಕ್ಕೆ ಮುಚ್ಚಿಕೊಂಡಿದ್ದೆ. (ಅಂಕಣ ಬರೆಯುವವರು ಪೇಪರನ್ನು ಹೀಗೂ ಬಳಸುತ್ತೇವೆ.) ಧಡಕ್ಕನೆ ಎದ್ದು ಕೂತೆ.

ಸುಧಾ ಚನ್ನರಾಯಪಟ್ಟಣದಲ್ಲಿ ಮದುವೆ ಹೂವಿನ ಕೆಲಸ ಮಾಡುತ್ತಾಳೆ. ಮೊಗ್ಗಿನ ಜಡೆ, ಹೆಣ್ಣು ಗಂಡಿನ ಹಾರ, ತಲೆಗೆ ಮುಡಿಸುವ ದಂಡೆ, ಎಲ್ಲ. ಮನೆಯ ಜಗುಲಿಯ ಮೇಲೆ ಒಬ್ಬಳೇ ಕೂತು ಕಟ್ಟಲು ಶುರು ಮಾಡಿದವಳು. ಈಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ, ಜೊತೆಗೆ ಕಟ್ಟುವ ಹೆಂಗಸರು, ಮತ್ತು ಕಾಲಕ್ಕೆ ತಕ್ಕ ಹಾಗೆ ಒಂದು ವೆಬ್‌ಸೈಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಎಲ್ಲಿಂದ ಆರ್ಡರ್ ಬಂದರೂ ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿ, ರಟ್ಟಿನ ಬಾಕ್ಸಿನಲ್ಲಿಟ್ಟು, ಆ ಕಡೆ ಹೋಗುವ ಬಸ್ಸಿಗೆ ಹಾಕುತ್ತಾಳೆ. ಮದುವೆ ಮನೆಯವರು ಸ್ಟಾಪಿನಲ್ಲಿ ಕಾದು ನಿಂತು ಇಳಿಸಿಕೊಳ್ಳುತ್ತಾರೆ.

“ಯಾವ ಹೆಣ್ಣೇ?” ಅಂದೆ.

“ಮಲ್ಲಿಪಟ್ಟಣದೋರು. ಅರಕಲಗೂಡ್ನ ಛತ್ರದಲ್ಲಿ ಮದ್ವೆ. ವೆಬ್‌ಸೈಟಲ್ಲಿ ಭಾನುವಾರದ್ ತಾರೀಕು ಒತ್ತವ್ರೆ. ನಾನು ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹಾಕೋಣ ಅಂತಿದ್ರೆ, ಈಗ ಅವ್ರಪ್ಪ ಫೋನ್ ಮಾಡಿ, ಹೆಣ್ಣು ಬಂದು ಕೂತದೆ, ಸಂಜೆ ರಿಸೆಪ್ಷನ್ನಿಗೆ ಹೂವೆಲ್ಲವ್ವಾ ಅಂತಾವ್ರೆ. ಜಡೆಗೆ ಮೊಗ್ಗೇ ಬಂದಿಲ್ಲ ಕಣಕ್ಕ ಇನ್ನೂ.”

ಸುಧಾ ಸುಮ್ಮಸುಮ್ಮನೆ ಗಾಬರಿಯಾಗುವ ಪೈಕಿ ಅಲ್ಲ.

ನಮ್ಮ ಕಡೆ ಮದುವೆ ಅಂದರೆ ಎರಡು ದಿನ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮೊದಲ ದಿನ ಚಪ್ಪರ, ಶಾಸ್ತ್ರ, ಸಂಜೆ ಆರತಕ್ಷತೆ. ಮರುದಿನ ಬೆಳಗ್ಗೆ ಧಾರೆ. ‘ಮದುವೆ ಯಾವತ್ತು’ ಅಂತ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ಧಾರೆಯ ದಿನ ಹೇಳುತ್ತಾರೆ. ಇನ್ನೊಬ್ಬರು ಚಪ್ಪರದ ದಿನ ಹೇಳುತ್ತಾರೆ. ಇಬ್ಬರೂ ಸರಿ. ಅದಕ್ಕೇ ಕೇಳುವವರು ಅಲ್ಲಿಗೇ ಬಿಡುವುದಿಲ್ಲ, ‘ಅವತ್ತು ಚಪ್ಪರವೋ ಧಾರೆಯೋ’ ಅಂತ ಇನ್ನೊಂದು ಮಾತು ಸೇರಿಸುತ್ತಾರೆ. ನಮ್ಮ ಬಾಯಿಗೆ ಅದು ರೂಢಿಯಾಗಿಬಿಟ್ಟಿದೆ.

ವೆಬ್‌ಸೈಟಿಗೆ ಆ ರೂಢಿ ಇರಲಿಲ್ಲ. ಅಂದರೆ, ಇತ್ತು. ನಾವೇ ತೆಗೆಸಿದ್ದೆವು.

ಹಳೆಯ ವೆಬ್‌ಸೈಟನ್ನು ನೀವು ನೋಡಬೇಕಿತ್ತು. ತೆರೆದ ಕೂಡಲೇ ನಾದಸ್ವರ ಊದುತ್ತಿತ್ತು. ಬ್ಯಾಂಕಿನ ಕ್ಯೂನಲ್ಲಿ ನಿಂತು ಅದನ್ನು ತೆರೆದು ನಾನು ಒಮ್ಮೆ ಮಾನ ಕಳೆದುಕೊಂಡಿದ್ದೇನೆ. ಮೇಲಿನಿಂದ ಗುಲಾಬಿ ದಳ ಉದುರುತ್ತಿದ್ದವು. ‘ಸುಸ್ವಾಗತ’ ಎಂಬ ಅಕ್ಷರ ಎಡದಿಂದ ಬಲಕ್ಕೆ ಓಡುತ್ತಲೇ ಇತ್ತು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಜಡೆಯ ಫೋಟೋ ಮುಟ್ಟಿದರೆ ದೊಡ್ಡದಾಗುತ್ತಿರಲಿಲ್ಲ, ಮಾಯವಾಗುತ್ತಿತ್ತು. ಫೋನ್ ನಂಬರು ಎಲ್ಲೋ ಪಾತಾಳದಲ್ಲಿ, ತಿಳಿಹಳದಿಯ ಮೇಲೆ ಬಿಳಿ ಬಣ್ಣದಲ್ಲಿತ್ತು.

ಮತ್ತು ಬುಕಿಂಗ್ ಫಾರ್ಮು. ಅದನ್ನು ಸುಧಾ ತಾನೇ ಹೇಳಿ ಬರೆಸಿದ್ದಳು. ಚಪ್ಪರ ಯಾವತ್ತು? ಧಾರೆ ಯಾವತ್ತು? ಹೆಣ್ಣಿನ ಹೆಸರೇನು? ಹೆಣ್ಣಿಗೆ ಕೂದಲು ಎಷ್ಟುದ್ದ ಇದೆ? ನೀವು ಹೆಣ್ಣಿಗೆ ಏನಾಗಬೇಕು? ಛತ್ರ ಯಾವುದು? ಹೂವು ಇಳಿಸಿಕೊಳ್ಳಲು ಬಸ್ ಸ್ಟಾಪಿಗೆ ಯಾರು ಬರುತ್ತಾರೆ? ಜನ ಅರ್ಧ ತುಂಬಿ ಬಿಟ್ಟು ಹೋಗುತ್ತಿದ್ದರು. ಇದೇನು ಹೂವಿನಂಗಡಿಯೋ, ಹೆಣ್ಣು ನೋಡುವ ಶಾಸ್ತ್ರವೋ?

ಹಾಗಾಗಿ ನಾನೇ ಚೈತ್ರಾಳನ್ನು ಕರೆತಂದೆ. ಚೈತ್ರಾ ನಮ್ಮ ಬೀದಿಯ ಹುಡುಗಿ, ಹಾಸನದಲ್ಲಿ ಕೂತೇ ಸಣ್ಣ ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುತ್ತಾಳೆ. ಚುರುಕು. ನಾದಸ್ವರ ನಿಲ್ಲಿಸಿದಳು. ಗುಲಾಬಿ ಗುಡಿಸಿದಳು. ಬಿಳಿ ಹಿನ್ನೆಲೆ, ದೊಡ್ಡ ಅಕ್ಷರ, ಮುಟ್ಟಿದರೆ ದೊಡ್ಡದಾಗುವ ಫೋಟೋ. ಮೊಬೈಲಿನಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಹಸಿರು ಬಟನ್ನು. ನೋಡಿದರೆ ಕಣ್ಣು ತಂಪಾಗಬೇಕು, ಹಾಗೆ ಮಾಡಿಕೊಟ್ಟಳು.

ಫಾರ್ಮನ್ನೂ ಚೊಕ್ಕ ಮಾಡಿದಳು. “ಆಂಟಿ, ಒಂದೊಂದು ಪ್ರಶ್ನೆಗೂ ಒಂದಷ್ಟು ಜನ ಓಡಿ ಹೋಗ್ತಾರೆ. ಬೇಕಾದ್ದು ಹೆಸರು, ಊರು, ಫೋನು, ಮದುವೆ ತಾರೀಕು. ಉಳಿದಿದ್ದು ಆಮೇಲೆ ಕೇಳ್ಕೋಬಹುದು” ಅಂದಳು. ನಾನು ಸುಧಾಳ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ “ಹೌದೌದು, ಅಷ್ಟೊಂದು ಯಾರು ಓದ್ತಾರೆ” ಅಂತ ತಲೆಯಾಡಿಸಿದೆ. ಸುಧಾ ಮಾತ್ರ ಅನುಮಾನಿಸಿದ್ದಳು. “ಚಪ್ಪರದ್ದು ಒಂದ್ ಇರ್ಲಿ ಬುಡಿ” ಅಂದಿದ್ದಳು. ಇಬ್ಬರು ಓದಿದವರು ಎದುರಿಗೆ ಕೂತು ನಕ್ಕರೆ ಪಾಪ ಅವಳಾದರೂ ಎಷ್ಟು ಹೊತ್ತು ಹಟ ಹಿಡಿದಾಳು?

ಆಮೇಲೆ ಬುಕಿಂಗು ಬಂದವು ನೋಡಿ. ಒಂದರ ಹಿಂದೆ ಒಂದು. ‘ಆಮೇಲೆ ಕೇಳ್ಕೋಬಹುದು’ ಎಂಬುದಕ್ಕೆ ಸುಧಾಳಿಗೆ ಪುರುಸೊತ್ತೇ ಸಿಗಲಿಲ್ಲ. ತಾರೀಕು ಇದೆಯಲ್ಲ, ಸಾಕು ಅಂತ ಅವಳೂ ನೆಮ್ಮದಿಯಾದಳು. ಹಾಗೆ ಶನಿವಾರ ಬಂತು.

“ನಿನಗ್ಯಾಕೆ ಊರ ಉಸಾಬರಿ” ಎನ್ನುತ್ತಲೇ ನಮ್ಮ ಯಜಮಾನರು ಕಾರಿನ ಕೀ ತಗೊಂಡರು. ಮೊದಲು ಕಟ್ಟಿನಕೆರೆ ಮಾರ್ಕೆಟ್ಟು. ಮದುವೆ ಸೀಸನ್ನಿನ ಶನಿವಾರ ಮಧ್ಯಾಹ್ನ ಹಾರ ಕೇಳಿದರೆ ಹೂವಿನವರು ಹೇಗೆ ನೋಡುತ್ತಾರೆ ಅಂತ ಅವತ್ತು ತಿಳಿಯಿತು. “ಮುಂಚೇನೇ ಹೇಳಾದಲ್ವಾ ಅಕ್ಕ? ಮದ್ವೆ ಏನು ದಿಢೀರಂತ ಬತ್ತದಾ?” ಅಂದ ಒಬ್ಬ. ಮೊಗ್ಗಿನ ಜಡೆ ಮಾತೇ ಇಲ್ಲ. ಅದನ್ನು ಕಟ್ಟಲು ಇಬ್ಬರು ಕೂತರೂ ಅರ್ಧ ದಿನ ಬೇಕು. ಕೊನೆಗೆ ಸುಗಂಧರಾಜದ ಎರಡು ಸಾದಾ ಹಾರ, ಒಂದು ಚೀಲ ಕಾಕಡ ಮಾಲೆ ಸಿಕ್ಕಿತು. ದೇವರ ಫೋಟೋಗೆ ಹಾಕುವಂಥ ಹಾರ. ಇಲ್ಲದ್ದಕ್ಕಿಂತ ವಾಸಿ ಅಂದುಕೊಂಡೆ.

ಅರಕಲಗೂಡಿನವರೆಗೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಯಜಮಾನರು ನಿಧಾನ ಹೋದರೆ ಬೈದೆ, ಜೋರಾಗಿ ಹೋದರೂ ಬೈದೆ. ದಾರಿಯುದ್ದಕ್ಕೂ ಸುಧಾ ಫೋನ್ ಮಾಡುತ್ತಿದ್ದಳು. ‘ಎಲ್ಲಿದ್ದೀಯಾ’ ಅಂತ ಕೇಳುವುದು, ನಾನು ಹೇಳುವ ಮೊದಲೇ ಇಡುವುದು.

ಛತ್ರದ ಬಾಗಿಲಲ್ಲೇ ಹೆಣ್ಣಿನ ತಂದೆ ನಂಜೇಗೌಡರು ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಹೊಸ ಟವಲ್ಲು, ಕೈಯಲ್ಲಿ ಮೊಬೈಲು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ನನಗೂ ಎಷ್ಟೋ ಹಗುರಾಗುತ್ತಿತ್ತು.

“ನೋಡವ್ವ, ಅದು ಮದ್ವೆ ತಾರೀಕು ಕೇಳ್ತು. ಮದ್ವೆ ತಾರೀಕು ಕೊಟ್ಟೆ” ಅಂದರು. “ಮದ್ವೆ ಅಂದ್ರೆ ಧಾರೆ ತಾನೇ? ಧಾರೆಗೆ ಊವ ಏಳುದ್ಮೇಲೆ ಮುಂಚಿನ್ ದಿನದ್ದೂ ಸೇರ್ಕಂಡೇ ಬತ್ತದೆ ಅಂತ ತಿಳ್ಕಂಡೆ. ಇದ್ರಲ್ಲಿ ನಂದೇನ್ ತಪ್ಪೈತೆ ಏಳು.”

ಏನೂ ಇರಲಿಲ್ಲ. ಅದನ್ನೇ ಹೇಳಿ ಒಳಗೆ ಹೋದೆ.

ಹೆಣ್ಣಿನ ರೂಮಿನಲ್ಲಿ ರಂಜಿತಾ ಕುರ್ಚಿಯ ಮೇಲೆ ಕೂತಿದ್ದಳು. ಮುಖಕ್ಕೆಲ್ಲ ಮೇಕಪ್ಪು ಆಗಿತ್ತು. ಬೆನ್ನ ಮೇಲೆ ಚೌರಿ ಸೇರಿಸಿ ಹೆಣೆದ ಉದ್ದನೆಯ ಕಪ್ಪು ಜಡೆ, ಅದರ ಮೇಲೆ ಒಂದು ಎಸಳೂ ಇಲ್ಲ. ಬ್ಯೂಟಿಷಿಯನ್ನು ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಕೈಕಟ್ಟಿ ನಿಂತಿದ್ದಳು. ಹುಡುಗಿಯ ಮಡಿಲಲ್ಲಿ ಮೊಬೈಲಿತ್ತು. ತೆರೆಯ ಮೇಲೆ ಸುಧಾಳ ವೆಬ್‌ಸೈಟು, ಅದರಲ್ಲಿ ಅವಳು ಆರಿಸಿಕೊಂಡ ಜಡೆಯ ಫೋಟೋ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂತೀರಿ. ಮುಟ್ಟಿದರೆ ದೊಡ್ಡದಾಗುತ್ತಿತ್ತು.

ನಾನು ಚೀಲ ಬಿಚ್ಚಿದೆ. ಅವಳು ಹಾರ ನೋಡಿದಳು, ನನ್ನನ್ನು ನೋಡಿದಳು.

“ಪರವಾಗಿಲ್ಲ ಬಿಡಿ ಆಂಟಿ. ನಾಳೆಗೆ ಬರುತ್ತಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಇಣುಕಿದರು. ಗಂಡಿನ ಕಡೆಯವರು, ಅತ್ತೆಯ ಅಕ್ಕ ಅಂತ ಆಮೇಲೆ ಗೊತ್ತಾಯಿತು. “ಹೆಣ್ಣಿಗೆ ಹೂವಿಲ್ವಂತಲ್ಲವ್ವಾ? ನಮ್ ಕಡೆ ಇಂಗೆಲ್ಲ ಆಗಿದ್ ನಾ ಕಾಣೆ” ಅಂದರು. ನಗುತ್ತಲೇ ಅಂದರು. ಅಂದು ಹೋದರು. ರಂಜಿತಾ ಮೊಬೈಲನ್ನು ಮಗುಚಿಟ್ಟಳು.

ಅಲ್ಲಿಯವರೆಗೂ ನಾನು ಸುಧಾಳ ಅಂಗಡಿಯ ಹೆಸರಿಗಾಗಿ ಹೆದರಿದ್ದೆ. ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ. ಆದರೆ ಈ ಮಾತು? ಇದು ಛತ್ರದಲ್ಲಿ ಉಳಿಯುವ ಮಾತಲ್ಲ, ಹುಡುಗಿಯ ಜೊತೆಗೇ ಗಂಡನ ಮನೆಗೆ ಹೋಗುವ ಮಾತು. ಮುಂದೆ ಎಂದಾದರೂ ಹಾಲು ಒಡೆಯಲಿ, ಹಸು ಒದೆಯಲಿ, ಗಂಡನಿಗೆ ಜ್ವರ ಬರಲಿ, ‘ಅವತ್ತೇ ಅಂದ್ಕಂಡೆ ಕಣ್ರವ್ವ, ಹೂವಿಲ್ದೆ ಆರತಕ್ಷತೆಗೆ ನಿಂತೋಳು’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆ ಹುಡುಗಿ ಎಲ್ಲರಿಗೂ ವೆಬ್‌ಸೈಟಿನ ಡಿಸೈನು ವಿವರಿಸುತ್ತಾ ಕೂರುವುದಕ್ಕಾಗುತ್ತದೆಯೇ?

ಬ್ಯೂಟಿಷಿಯನ್ನು ಕಾಕಡ ಮಾಲೆಯನ್ನೇ ಜಡೆಗೆ ಸುತ್ತಿದಳು. ನಾನು ಹಿಡಿದುಕೊಟ್ಟೆ. ಒಟ್ಟಿನಲ್ಲಿ ಹುಡುಗಿ ಸ್ಟೇಜ್ ಹತ್ತಿದಳು, ನಕ್ಕಳು, ಫೋಟೋ ತೆಗೆಸಿಕೊಂಡಳು. ನಮಗೆ ಊಟಕ್ಕೆ ಬಲವಂತ ಮಾಡಿದರು. ನಂಜೇಗೌಡರೇ ಪಕ್ಕದಲ್ಲಿ ನಿಂತು ಪಾಯಸ ಹಾಕಿಸಿದರು. ಎಲೆಯಲ್ಲೇ ಬಿಟ್ಟು ಎದ್ದೆ. ಮಾರನೇ ಬೆಳಗ್ಗೆ ಧಾರೆಗೆ ಸುಧಾಳ ಜಡೆ, ಹಾರ ಎಲ್ಲ ಸರಿಯಾದ ಹೊತ್ತಿಗೆ ಹೋಯಿತಂತೆ. ಚೆನ್ನಾಗಿತ್ತಂತೆ. ಇರಲಿ.

ಭಾನುವಾರ ಮಧ್ಯಾಹ್ನ ನಾವು ಮೂವರೂ ಸುಧಾಳ ಅಂಗಡಿಯಲ್ಲಿ ಕೂತೆವು. ಚೈತ್ರಾಳ ಮುಖ ಸಣ್ಣಗಾಗಿತ್ತು.

“ನಂಗೂ ಗೊತ್ತಿತ್ತು ಆಂಟಿ, ಮದುವೆ ಎರಡು ದಿನ ಅಂತ. ನಮ್ಮಕ್ಕನ ಮದುವೇನೂ ಹಂಗೇ ಆಗಿದ್ದು. ಆದ್ರೆ ಲ್ಯಾಪ್‌ಟಾಪ್ ಮುಂದೆ ಕೂತಾಗ ಮದುವೆಗೆ ಒಂದೇ ಡೇಟು ಅನ್ಸಿಬಿಡುತ್ತೆ.”

ನನಗೂ ಹಾಗೇ ಅನಿಸಿತ್ತಲ್ಲ? ಅದೂ ಕಾಫಿ ಕುಡಿಯುತ್ತಾ. ಯಾರೋ ಬೇರೆ ದೇಶದವರು ಬಂದು ಮಾಡಿದ ತಪ್ಪಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಇಲ್ಲಿಯೇ ಹುಟ್ಟಿ, ಇಲ್ಲಿಯ ಚಪ್ಪರದ ಊಟ ಉಂಡವರು ಮಾಡಿದ್ದು. ನಮ್ಮ ಮನೆಯ ರೂಢಿಯನ್ನು ನಾವೇ ಕಸ ಅಂತ ಗುಡಿಸಿ ಹಾಕಿದ್ದೆವು, ನೋಡಲು ಚೊಕ್ಕವಾಗಿರಲಿ ಅಂತ.

ಜನಕ್ಕೆ ಸುಲಭವಾಗಬೇಕು, ನಿಜ. ಫಾರ್ಮು ಉದ್ದವಾದರೆ ಓಡಿ ಹೋಗುತ್ತಾರೆ, ಅದೂ ನಿಜ. ಆದರೆ ಸುಲಭವಾಗಿ ತಪ್ಪು ಮಾಡುವುದಕ್ಕಿಂತ ಸ್ವಲ್ಪ ಕಷ್ಟಪಟ್ಟು ಸರಿ ಮಾಡುವುದು ವಾಸಿ ಅಲ್ಲವೇ? ಸುಧಾ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವಾಗ ಕೇಳಿದ್ದೇನೆ. ಯಾವೂರು, ಯಾರ ಮಗಳು, ಮಳೆ ಬಂತಾ ಅಂತ ಊರ ಸುದ್ದಿಯೆಲ್ಲ ಮಾತಾಡುತ್ತಾಳೆ. ಕೇಳುವವರಿಗೆ ಹರಟೆ. ಆ ಹರಟೆಯ ನಡುವೆ ಚಪ್ಪರ ಯಾವತ್ತು, ಹೂವು ಯಾವ ಸ್ಟಾಪಿನಲ್ಲಿ ಇಳಿಯಬೇಕು, ಎಲ್ಲ ಹೊರಬಂದಿರುತ್ತದೆ.

ಚೈತ್ರಾ ಅಲ್ಲೇ ಕೂತು ಫಾರ್ಮು ತಿದ್ದಿದಳು. ಈಗ ಅದು ಎರಡು ತಾರೀಕು ಕೇಳುತ್ತದೆ. ಚಪ್ಪರದ್ದು ಒಂದು, ಧಾರೆಯದ್ದು ಒಂದು. ಎರಡರಲ್ಲಿ ಒಂದು ಬಿಟ್ಟರೂ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಛತ್ರ, ಹೆಣ್ಣಿನ ಹೆಸರು ವಾಪಸು ಬಂದವು. ಕೂದಲಿನ ಉದ್ದ ಕೂಡ. ಸುಧಾ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು, ನಾವಿಬ್ಬರೂ ನಗಲಿಲ್ಲ.

ಅಷ್ಟಕ್ಕೆ ಮುಗಿಯಿತಾ? ಎಲ್ಲಿ. ಈಗಾಗಲೇ ಬಂದು ಕೂತಿರುವ ಬುಕಿಂಗುಗಳ ಗತಿ ಏನು? ಪ್ರತಿಯೊಂದರಲ್ಲೂ ಒಂದೇ ತಾರೀಕು. ಪ್ರತಿ ತಾರೀಕಿನ ಹಿಂದೆಯೂ ಒಬ್ಬಳು ಹುಡುಗಿ.

ಸೋಮವಾರ ಇಡೀ ದಿನ ಅಕ್ಕ ತಂಗಿ ಫೋನ್ ಹಿಡಿದು ಕೂತೆವು. ಹರದನಹಳ್ಳಿಯ ಒಬ್ಬ ಹೆಂಗಸು ಹಾಕಿದ್ದ ತಾರೀಕು ಚಪ್ಪರದ ದಿನದ್ದು. ‘ಯಾಕಮ್ಮ’ ಅಂದರೆ, “ಚಪ್ಪರ ಆಕುದ್ಮೇಲೆ ಮದ್ವೆ ಶುರುವಾಯ್ತಲ್ಲ ತಾಯಿ” ಅಂದರು. ಹಾಸನದ ಒಬ್ಬ ಮೇಷ್ಟ್ರು ಧಾರೆಯ ದಿನ ಹಾಕಿದ್ದರು, “ಶಾಸ್ತ್ರದ ಪ್ರಕಾರ ಅದೇ ಮದುವೆ” ಅಂತ ಪಾಠ ಬೇರೆ ಮಾಡಿದರು. ಒಬ್ಬ ಪುಣ್ಯಾತ್ಮ ಲಗ್ನಪತ್ರಿಕೆ ಶಾಸ್ತ್ರದ ದಿನ ಹಾಕಿದ್ದ. ಒಂದೊಂದು ಕರೆ ಮುಗಿದಾಗಲೂ ಸುಧಾ ಉಸ್ಸೆಂದು ನಿಟ್ಟುಸಿರು ಬಿಡುತ್ತಿದ್ದಳು. ಸಂಜೆಯ ಹೊತ್ತಿಗೆ ಎಲ್ಲರೂ ಸಿಕ್ಕರು.

ಒಬ್ಬರನ್ನು ಬಿಟ್ಟು.

ಬುಕಿಂಗಿನಲ್ಲಿ ಇರುವುದಿಷ್ಟು: ಹೆಸರು ಪುಟ್ಟಸ್ವಾಮಿ. ಊರು ಹಳ್ಳಿಮೈಸೂರು. ಮೊಗ್ಗಿನ ಜಡೆ, ಹಾರ, ಪೂರ್ತಿ ಸೆಟ್ಟು. ಮದುವೆ ತಾರೀಕು, ಬರುವ ಭಾನುವಾರ.

ನಂಬರಿಗೆ ಫೋನ್ ಮಾಡಿದೆವು. ಎತ್ತಿದವನು ಹೊಳೆನರಸೀಪುರದ ಒಬ್ಬ ಸೈಬರ್ ಸೆಂಟರಿನವನು.

“ಆ ನಂಬರ್ ನಂದೇ ಅಕ್ಕ. ಓಟಿಪಿ ಬತ್ತದಲ್ಲ, ಅದ್ಕೆ ಎಲ್ಲಾರ್ಗೂ ನಂದೇ ಹಾಕ್ಬುಡ್ತೀನಿ.”

“ಬಂದಿದ್ದವರು ಯಾರಪ್ಪ?”

“ಪಹಣಿ ತಗಸಕ್ಕೆ ಬಂದಿದ್ರು. ಹಂಗೇ ಇದೂ ಒಂದ್ ಮಾಡ್ಕೊಡು ಅಂದ್ರು. ದಿನಾ ಎಷ್ಟ್ ಜನ ಬತ್ತಾರೆ, ಎಲ್ ಗ್ಯಾಪ್ಕ ಇರ್ತದೆ ಅಕ್ಕ?”

ಪಹಣಿಯನ್ನು ತೆಗೆದಿದ್ದು ಯಾರ ಹೆಸರಿಗೆ ಅಂದರೆ, ಅದೂ ನೆನಪಿಲ್ಲ. ತಪ್ಪು ಅವನದೂ ಅಲ್ಲ. ನಮ್ಮಲ್ಲಿ ಸೈಬರಿನವನ ನಂಬರಿನಲ್ಲೇ ಅರ್ಧ ತಾಲ್ಲೂಕು ಬದುಕಿದೆ.

ಮಂಗಳವಾರ ಸುಧಾಳ ಗಂಡ ಮಂಜು ಬೈಕಿನಲ್ಲಿ ಹಳ್ಳಿಮೈಸೂರಿಗೆ ಹೋದ. ಟೀ ಅಂಗಡಿಯಲ್ಲಿ ವಿಚಾರಿಸಿದರೆ ಅವರು ನಕ್ಕರಂತೆ. “ಪುಟ್ಟಸ್ವಾಮಿನಾ? ಯಾವ್ ಪುಟ್ಟಸ್ವಾಮಿ ಕಣಣ್ಣ? ಸುತ್ತಾ ಹಳ್ಳಿಯೋರೆಲ್ಲ ಹೊರಗೆ ಹೋದ್ರೆ ಹಳ್ಳಿಮೈಸೂರು ಅಂತಾನೇ ಏಳದು.” ಮದುವೆ ಮನೆ ಯಾವುದು ಅಂದರೆ, ಈ ವಾರ ಹೋಬಳಿಯಲ್ಲಿ ಚಪ್ಪರ ಹಾಕದ ಊರು ಯಾವುದು ಹೇಳಿ ಅಂದರಂತೆ. ಅವನು ತಿಳಿದಷ್ಟು ಊರು ತಿರುಗಿ ಬಂದ. ಸಿಕ್ಕ ಪುಟ್ಟಸ್ವಾಮಿಗಳ ಮನೆಯಲ್ಲಿ ಮದುವೆ ಇರಲಿಲ್ಲ, ಮದುವೆ ಇದ್ದ ಮನೆಗಳಲ್ಲಿ ಪುಟ್ಟಸ್ವಾಮಿ ಇರಲಿಲ್ಲ. ಸೋದರಮಾವನೋ, ಚಿಕ್ಕಪ್ಪನೋ ಬುಕ್ ಮಾಡಿರಬಹುದು. ಹೆಣ್ಣಿನ ಹೆಸರು ಗೊತ್ತಿದ್ದರೆ ಸಾಕಿತ್ತು. ಹಳೆಯ ಫಾರ್ಮಿನಲ್ಲಿ ಅದನ್ನು ಕೇಳುತ್ತಿತ್ತು.

ಭಾನುವಾರ ಧಾರೆಯಾದರೆ, ಹುಡುಗಿ ಶನಿವಾರ ಸಂಜೆಯೇ ಕುರ್ಚಿಯ ಮೇಲೆ ಕೂತಿರುತ್ತಾಳೆ. ಭಾನುವಾರ ಚಪ್ಪರವಾದರೆ, ಸೋಮವಾರದ ಧಾರೆಗೆ ಬೇರೆ ಜಡೆ ಕಟ್ಟಬೇಕು. ಸುಧಾ ತೀರ್ಮಾನ ಮಾಡಿದ್ದಾಳೆ. ಮೂರೂ ದಿನಕ್ಕೆ ಕಟ್ಟುತ್ತಾಳಂತೆ. ಕೆಲಸದ ಹೆಂಗಸರಿಗೂ ಹೇಳಿಯಾಗಿದೆ. “ನಷ್ಟ ಆದ್ರೆ ಆಗ್ಲಿ ಕಣಕ್ಕ, ಆ ಮಗೀನ ತಲೆ ಬರಿದಾಗಿರದು ಬ್ಯಾಡ” ಅಂದಳು. ಆದರೆ ಶನಿವಾರ ಬಸ್ಸಿನಿಂದ ಬಾಕ್ಸು ಇಳಿಸಿಕೊಳ್ಳಲು ಸ್ಟಾಪಿನಲ್ಲಿ ಯಾರಿರುತ್ತಾರೆ? ಹೂವು ಬರುವುದು ಭಾನುವಾರ ಅಂತ ನಂಬಿಕೊಂಡವರು ಶನಿವಾರ ಯಾಕೆ ಬರುತ್ತಾರೆ? ಅವರು ಗಾಬರಿಯಾಗಿ ಫೋನ್ ಮಾಡುವ ಹೊತ್ತಿಗೆ ಆರತಕ್ಷತೆಗೆ ಎಷ್ಟು ಹೊತ್ತು ಉಳಿದಿರುತ್ತದೆ ಅಂತ ನನಗೆ ಅರಕಲಗೂಡಿನಲ್ಲಿ ಗೊತ್ತಾಗಿದೆ.

ನೀವು ಇದನ್ನು ಓದುವುದು ಶುಕ್ರವಾರ ಬೆಳಗ್ಗೆ. ಇನ್ನೂ ಒಂದು ದಿನ ಇದೆ. ಹಳ್ಳಿಮೈಸೂರಿನ ಕಡೆಯ ಮದುವೆಗೆ ಹೊರಟವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಆ ಮನೆಯಲ್ಲಿ ಪುಟ್ಟಸ್ವಾಮಿ ಎಂಬುವವರು ಹೂವಿಗೆ ಹೇಳಿದ್ದಾರಾ ಅಂತ ದಯವಿಟ್ಟು ಒಂದು ಮಾತು ವಿಚಾರಿಸಿ, ಪತ್ರಿಕೆಯ ಕಚೇರಿಗೆ ಫೋನ್ ಮಾಡಿ. ಹೆಚ್ಚೇನೂ ಬೇಡ, ಇಷ್ಟು ಹೇಳಿದರೆ ಸಾಕು:

ಭಾನುವಾರ ಚಪ್ಪರವೋ, ಧಾರೆಯೋ?